ಮಣ್ಣಿನ ಹರಿವಾಣ ಮತ್ತು ಇಬ್ಬಾಯಿ ಮಾಂತ್ರಿಕ

ಬಹಳ ಹಿಂದೆ, ಮೋಡಗಳು ಮನೆಯ ಸೂರಿಗೆ ತಾಗುವಷ್ಟು ಕೆಳಗೆ ಓಡಾಡುತ್ತಿದ್ದ ಕಾಲದಲ್ಲಿ, ಮುಗಿಲಾವತಿ ಎಂಬ ಒಂದು ರಾಜ್ಯವಿತ್ತು. ಅದಕ್ಕೆ ಮೂರು ಸೀಮೆ. ಪಡುವಣಕ್ಕೆ ಬಿಳಿ ಮರಳಿನ ಕಡಲ ಸೀಮೆ, ಮೂಡಣಕ್ಕೆ ಕರಿಮಣ್ಣಿನ ಬಯಲು ಸೀಮೆ, ತೆಂಕಣಕ್ಕೆ ಕೆಮ್ಮಣ್ಣಿನ ಬೆಟ್ಟದ ಸೀಮೆ. ನಡುವೆ ರಾಜಧಾನಿ. ರಾಜಧಾನಿಯವರಿಗೆ ತಾವೇ ರಾಜ್ಯ ಎಂದು ನಂಬಿಕೆ. ಉಳಿದ ಮೂರು ಸೀಮೆಯವರಿಗೂ ಅದೇ ನಂಬಿಕೆ. ಹೆಸರಿಗೆ ಒಂದು ರಾಜ್ಯ, ಜಗಳಕ್ಕೆ ನಾಲ್ಕು.

ಆದರೂ ಅದು ಒಟ್ಟಾಗಿ ಬಾಳುತ್ತಿತ್ತು. ಅದಕ್ಕೆ ಕಾರಣ ಒಂದು ಹಳೆಯ ಪದ್ಧತಿ. ಬೇರೆ ಕಡೆ ಮಕ್ಕಳು ಮೊದಲ ಅಕ್ಷರವನ್ನು ಅಕ್ಕಿಯ ಮೇಲೆ ತಿದ್ದಿದರೆ, ಮುಗಿಲಾವತಿಯ ಮಕ್ಕಳು ಮಣ್ಣಿನ ಮೇಲೆ ತಿದ್ದಬೇಕು. ರಾಜಧಾನಿಯ ಮಣ್ಣನ್ನೂ ಮೂರು ಸೀಮೆಯ ಮಣ್ಣನ್ನೂ ಹಿತ್ತಾಳೆಯ ಹರಿವಾಣದಲ್ಲಿ ಬೆರೆಸಿ ಹರಡಬೇಕು. ಮಣ್ಣು ಕೊಡುವವರು ಸುಮ್ಮನೆ ಕೊಡುವಂತಿಲ್ಲ. ತಮ್ಮ ಸೀಮೆಯವರು ಮಾಡಿದ ಒಂದು ಒಳ್ಳೆಯದನ್ನೂ, ಮಾಡಿದ ಒಂದು ತಪ್ಪನ್ನೂ ಹೇಳಿ ಕೊಡಬೇಕು. ಸುತ್ತ ಕೂತ ಮಕ್ಕಳು "ಒಳ್ಳೇದೂ ಹೇಳು, ತಪ್ಪೂ ಹೇಳು" ಎಂದು ಕೂಗಬೇಕು. ಅದೇ ನಾಡಿನ ಪಾಠ. ಅಕ್ಷರ ಆಮೇಲೆ.

ಚಿಕ್ಕರಾಯ ಎಂಬುವನು ದೊರೆಯಾದ ಹೊಸದರಲ್ಲಿ ಪರದೇಶದ ರಾಯಭಾರಿಯೊಬ್ಬ ಈ ಪಾಠಕ್ಕೆ ಬಂದು ಕೂತ. ತಪ್ಪುಗಳ ಸರದಿ ಬಂದಾಗ ಕಿಸಕ್ಕನೆ ನಕ್ಕ. ದೊರೆಗೆ ಮುಖ ಕೆಂಪಾಯಿತು. "ನಾಳೆಯಿಂದ ಮಕ್ಕಳ ಮುಂದೆ ತಪ್ಪಿನ ಮಾತು ಬೇಡ" ಎಂದು ಅಪ್ಪಣೆ ಮಾಡಿದ. ತಪ್ಪು ಹೇಳುವುದಿಲ್ಲವೆಂದ ಮೇಲೆ ದೂರದಿಂದ ಜನ ಯಾಕೆ ಬರಬೇಕು? ಮಣ್ಣೂ ನಿಂತಿತು. ಹರಿವಾಣಕ್ಕೆ ಗಂಧದ ಪುಡಿ ಬಂತು. ಅದರ ಮೇಲೆ ಅಕ್ಷರ ಚೆನ್ನಾಗಿಯೇ ಮೂಡುತ್ತಿತ್ತು, ಆದರೆ ಮಕ್ಕಳು ಬರೆಯುವುದಕ್ಕಿಂತ ಹೆಚ್ಚಾಗಿ ಸೀನುತ್ತಿದ್ದರು.

ಹರಿವಾಣ ಹಿಡಿಯುವ ಕೆಲಸ ತಲೆತಲಾಂತರದಿಂದ ದೇವಾಜಮ್ಮ ಎಂಬ ಅಜ್ಜಿಯ ಮನೆಯದು. ಅಜ್ಜಿ ಹಳೆಯ ಹರಿವಾಣವನ್ನು ಅಟ್ಟಕ್ಕೆ ಹಾಕಿ, ಮೊಮ್ಮಕ್ಕಳನ್ನು ನೋಡಿಕೊಂಡು ಇದ್ದುಬಿಟ್ಟಳು. ದೊಡ್ಡವಳು ಮಲ್ಲಾಜಿ, ಮದುವೆಯ ವಯಸ್ಸಿನ ಹುಡುಗಿ. ಅವಳ ಬೆನ್ನಿಗೆ ಅವಳಿಗಳು: ತಮ್ಮ ನಂಜ, ತಂಗಿ ಕೆಂಪಿ. ತಾಯಿಯಿಲ್ಲದ ಆ ಎರಡನ್ನೂ ಮಲ್ಲಾಜಿಯೇ ಸೊಂಟದ ಎರಡು ಕಡೆ ಹೊತ್ತು ಬೆಳೆಸಿದ್ದಳು. ಎರಡೂ ಒಂದು ಗಳಿಗೆ ಜಗಳವಿಲ್ಲದೆ ಇರುತ್ತಿರಲಿಲ್ಲ. ಅವುಗಳ ಜಗಳ ಕೇಳದಿದ್ದರೆ ಮಲ್ಲಾಜಿಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ರಾಜಧಾನಿಯ ಅರಳಿಕಟ್ಟೆಗೆ ಒಬ್ಬ ಮಾಂತ್ರಿಕ ಬಂದು ಕೂತ. ಅವನಿಗೆ ಮುಖದಲ್ಲಿ ಒಂದು ಬಾಯಿ, ಹಿಂದಲೆಯಲ್ಲಿ ಒಂದು ಬಾಯಿ. ಇಬ್ಬಾಯಿ ಎಂದೇ ಅವನ ಹೆಸರು. ಮಕ್ಕಳಿಗೆ ನಾಡಿನ ಕತೆ ಹೇಳುತ್ತೇನೆ ಎಂದು ಡಂಗುರ ಹೊಡೆಸಿದ. ಕತೆ ಎಂದರೆ ಬಿಡುವ ಮಕ್ಕಳು ಯಾವ ಊರಿನಲ್ಲಿದ್ದಾರೆ? ಊರಿಗೆ ಊರೇ ಕಟ್ಟೆಯ ಸುತ್ತ ನೆರೆಯಿತು. ಅವಳಿಗಳು ಜಾಗಕ್ಕಾಗಿ ಜಗಳವಾಡಿ, ನಂಜ ಮಾಂತ್ರಿಕನ ಮುಂದೆ ಹೋಗಿ ಕೂತ, ಕೆಂಪಿ ಮುನಿಸಿಕೊಂಡು ಅವನ ಬೆನ್ನ ಹಿಂದೆ ಕೂತಳು.

ಮಾಂತ್ರಿಕನ ಎರಡು ಬಾಯಿಗಳೂ ಒಟ್ಟಿಗೆ ಶುರುಮಾಡಿದವು.

ಮುಂದಿನ ಬಾಯಿ ಹೇಳಿತು: "ನಿಮ್ಮ ನಾಡಿನಂಥ ನಾಡು ಮೂರು ಲೋಕದಲ್ಲಿಲ್ಲ. ನಿಮ್ಮವರು ಎಂದೂ ತಪ್ಪು ಮಾಡಿದವರಲ್ಲ. ನೀವು ಕಲಿಯಬೇಕಾದ್ದು ಏನೂ ಇಲ್ಲ."

ಹಿಂದಿನ ಬಾಯಿ ಹೇಳಿತು: "ನಿಮ್ಮದೂ ಒಂದು ನಾಡೇ? ಇಲ್ಲಿ ಒಂದೂ ಒಳ್ಳೆಯ ಕೆಲಸ ನಡೆದಿಲ್ಲ, ಮುಂದೆ ನಡೆಯುವುದೂ ಇಲ್ಲ. ನೀವು ಕಲಿತು ಮಾಡುವುದೇನೂ ಇಲ್ಲ."

ಮುಂದೆ ಕೂತ ಮಕ್ಕಳು ಮೆಲ್ಲಗೆ ನೆಲ ಬಿಟ್ಟು ಮೇಲೆದ್ದರು. ಹಿಂದೆ ಕೂತ ಮಕ್ಕಳು ಮೆಲ್ಲಗೆ ನೆಲದೊಳಕ್ಕೆ ಇಳಿದರು.

ರಾಜಧಾನಿಯಲ್ಲಿ ಗೋಳಾಟ ಎದ್ದಿತು. ತಾಯಂದಿರು ತೇಲುವ ಮಕ್ಕಳ ಕಾಲಿಗೆ ಒರಳುಕಲ್ಲು ಕಟ್ಟಿದರು, ಇಳಿಯುವ ಮಕ್ಕಳ ಕಾಲಡಿಗೆ ಹಲಗೆ ಕೊಟ್ಟರು. ಜಂತೆಗೆ ತಲೆ ತಾಗಿಸಿಕೊಂಡ ಮಕ್ಕಳಿಗೆ ಏಣಿ ಹತ್ತಿ ತುತ್ತು ಕೊಡಬೇಕಾಯಿತು. "ಅನ್ನ ಉಣ್ಣೋದನ್ನೂ ನೀನು ನನಗೆ ಕಲಿಸ್ಬೇಕಾ?" ಎಂದು ಅವು ಮೇಲಿನಿಂದಲೇ ಕೇಳಿದವು. ಮಂಡಿಯವರೆಗೆ ಹೂತ ಮಕ್ಕಳು, "ತಿಂದು ಏನಾಗಬೇಕು ಬಿಡಮ್ಮ" ಎಂದವು. ಅರಮನೆಯಲ್ಲಿ ದೊರೆಯ ಒಬ್ಬಳೇ ಮಗಳು ಮುತ್ತಾಂಬೆ ದೀಪದ ತೂಗುಸರಪಳಿ ಹಿಡಿದುಕೊಂಡು ಚಾವಣಿಯಲ್ಲಿ ತೇಲುತ್ತಿದ್ದಳು.

ಮಲ್ಲಾಜಿ ನಂಜನನ್ನು ಹಿಡಿದೆಳೆದರೆ ಕೆಂಪಿ ಕುಸಿಯುತ್ತಿದ್ದಳು, ಕೆಂಪಿಯನ್ನು ಎತ್ತಲು ಬಗ್ಗಿದರೆ ನಂಜ ಸೂರು ದಾಟುತ್ತಿದ್ದ. ಅವಳಿಗೆ ಎದೆ ಒಡೆದುಹೋಯಿತು. ಆದರೆ ಅಳುತ್ತ ಕೂರಲು ಎರಡು ಕೈಗೂ ಬಿಡುವಿರಲಿಲ್ಲ. ಅಜ್ಜಿಯ ಹಳೆಯ ಸೀರೆಗಳನ್ನು ಹರಿದು, ಹಗ್ಗ ಹೊಸೆದು, ಅದರ ಒಂದು ತುದಿಯನ್ನು ನಂಜನ ಸೊಂಟಕ್ಕೆ, ಇನ್ನೊಂದು ತುದಿಯನ್ನು ಕೆಂಪಿಯ ಸೊಂಟಕ್ಕೆ ಕಟ್ಟಿದಳು. ಏರುವವನು ಇಳಿಯುವವಳನ್ನು ಹಿಡಿದ, ಇಳಿಯುವವಳು ಏರುವವನನ್ನು ಹಿಡಿದಳು. ಅಂಗಳದ ನಡುವೆ ಇಬ್ಬರೂ ನಿಂತರು, ಒಬ್ಬ ಮೇಲೆ, ಒಬ್ಬಳು ಕೆಳಗೆ, ನಡುವೆ ಹಗ್ಗ.

"ನೀನೇ ನನ್ನ ಎಳೀತಿರೋದು" ಎಂದ ನಂಜ.

"ನೀನೇ" ಎಂದಳು ಕೆಂಪಿ.

ಜಗಳ ಕೇಳಿ ಮಲ್ಲಾಜಿಗೆ ಸ್ವಲ್ಪ ಜೀವ ಬಂತು. ಅಜ್ಜಿ ಮಾತ್ರ ಹಗ್ಗವನ್ನು ಮುಟ್ಟಿ ನೋಡಿ ತಲೆಯಾಡಿಸಿದಳು.

"ಇದು ಬಹಳ ದಿನ ತಡೆಯೋದಿಲ್ಲ ಮಗಳೇ. ಅವನು ಬಾಯಿ ಬಿಟ್ಟಷ್ಟೂ ಎಳೆ ಎಳೆಯಾಗಿ ಕಿತ್ತು ಬರುತ್ತೆ. ಹಗ್ಗ ಹರಿದ್ರೆ ಒಬ್ಬ ಮುಗಿಲಿಗೆ, ಒಬ್ಬಳು ಪಾತಾಳಕ್ಕೆ. ಮಕ್ಕಳ ಹೆಜ್ಜೆ ಬೀಳದ ನೆಲ ಮಾಂತ್ರಿಕನಿಗೆ ಸೇರಬೇಕು ಅನ್ನೋದು ಹಳೇ ಕಟ್ಟಳೆ. ಅವನಿಗೆ ಬೇಕಾಗಿರೋದು ಅದೇ."

"ಇದಕ್ಕೆ ಮದ್ದಿಲ್ವಾ ಅಜ್ಜಿ?"

"ಅಟ್ಟದ ಮೇಲಿದೆ, ಇಳಿಸು."

ಮಲ್ಲಾಜಿ ಹರಿವಾಣವನ್ನು ಇಳಿಸಿ ಹುಣಸೆಹಣ್ಣು ಹಚ್ಚಿ ಬೆಳಗಿದಳು. ಅಜ್ಜಿ ಹೇಳಿದಳು: "ಮೂರು ಸೀಮೆಗೂ ಒಂದೊಂದು ಕಾವಲು ಪ್ರಾಣಿ ಇದೆ. ಅವುಗಳ ಕೈಯಿಂದ ಮಣ್ಣು ತಗೊಂಡು ಬಾ. ಅಗೆದು ತಂದ ಮಣ್ಣು ಬೂದಿ ಆಗುತ್ತೆ, ಅವೇ ಕೊಡಬೇಕು. ಒಳ್ಳೇದೂ ಹೇಳಿ, ತಪ್ಪೂ ಹೇಳಿ ಕೊಡಬೇಕು. ಅರ್ಧ ಮಾತು ಹೇಳಿದ್ರೆ ಹರಿವಾಣ ಬೊದ್ದ್ ಅನ್ನುತ್ತೆ. ಪೂರ್ತಿ ಹೇಳಿದ್ರೆ ಠಣ್ ಅನ್ನುತ್ತೆ. ಹೊರಡು. ಹಗ್ಗದ ಮೇಲೆ ನಾನು ಕಣ್ಣಿಟ್ಟಿರ್ತೀನಿ."

ಹರಿವಾಣವನ್ನು ಅಂಚಿನ ಮೇಲೆ ನಿಲ್ಲಿಸಿದ ಕೂಡಲೇ ಅದು ಬಂಡಿಯ ಗಾಲಿಯ ಹಾಗೆ ಉರುಳಿಕೊಂಡು ಹೊರಟಿತು. ಮಲ್ಲಾಜಿ ಸೆರಗು ಬಿಗಿದು ಅದರ ಹಿಂದೆ ನಡೆದಳು.

ಹರಿವಾಣ ಮೊದಲು ಕಡಲ ಸೀಮೆಗೆ ಉರುಳಿತು. ಬಿಳಿ ಮರಳಿನ ಮೇಲೆ ಮನೆಯಷ್ಟು ದೊಡ್ಡ ಏಡಿಯೊಂದು ಕಾಲು ಚಾಚಿ ಬಿಸಿಲು ಕಾಯಿಸುತ್ತ ಕೂತಿತ್ತು.

"ಯಾರಮ್ಮ ನೀನು?"

"ಹರಿವಾಣದ ಮನೆಯವಳು. ನಿಮ್ಮ ಸೀಮೆಯ ಒಂದು ಹಿಡಿ ಮರಳು ಬೇಕು. ಒಳ್ಳೇದೂ ಹೇಳಿ, ತಪ್ಪೂ ಹೇಳಿ."

ಏಡಿ ಕೊಂಡಿ ಎತ್ತಿ ಸಂಭ್ರಮದಿಂದ ಶುರುಮಾಡಿತು. ಒಮ್ಮೆ ಬಿರುಗಾಳಿಯಲ್ಲಿ ಪರದೇಶದ ಹಡಗೊಂದು ಬಂಡೆಗೆ ಬಡಿದು ಒಡೆಯಿತಂತೆ. ಕಡಲ ಸೀಮೆಯವರು ತಮ್ಮ ಮನೆಯ ಬಾಗಿಲು ಕಿತ್ತು, ಅವುಗಳ ಮೇಲೆ ತೇಲಿಕೊಂಡು ಹೋಗಿ, ಭಾಷೆ ಬಾರದ, ಗುರುತಿಲ್ಲದ ಜನರನ್ನೆಲ್ಲ ದಡ ಮುಟ್ಟಿಸಿದರಂತೆ. ಆ ಮಳೆಗಾಲವಿಡೀ ಸೀಮೆಯಲ್ಲಿ ಒಂದು ಮನೆಗೂ ಬಾಗಿಲಿರಲಿಲ್ಲವಂತೆ. ಕೇಳುತ್ತ ಕೇಳುತ್ತ ಮಲ್ಲಾಜಿಗೆ ಕಣ್ಣು ತುಂಬಿತು.

"ತಪ್ಪು?" ಎಂದಳು.

"ತಪ್ಪಾ? ಇಲ್ಲಪ್ಪ. ತಪ್ಪು ಮಾಡೋದು ಬಯಲಿನವರು. ಬೆಟ್ಟದವರು ಅವರಿಗಿಂತ ಹೆಚ್ಚು. ಕೂತ್ಕೋ, ಅವರದ್ದು ಹೇಳ್ತೀನಿ."

ಹರಿವಾಣ ಬೊದ್ದ್ ಎಂದಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವರು ಎಲ್ಲ ಕಡೆಯೂ ಇರುತ್ತಾರೆ, ಕಡಲಲ್ಲೂ ಇದ್ದಾರೆ. ಬೈದು ಪ್ರಯೋಜನವಿಲ್ಲವೆಂದು ಮಲ್ಲಾಜಿಗೆ ಗೊತ್ತಿತ್ತು. ಅವಳಿಗಳಿಬ್ಬರನ್ನು ಬೆಳೆಸಿದವಳಿಗೆ ಇಷ್ಟೂ ಗೊತ್ತಿರುವುದಿಲ್ಲವೇ?

"ಹಾಗಾದ್ರೆ ಮೊದಲು ನಮ್ಮೂರಿನ ತಪ್ಪು ಹೇಳ್ತೀನಿ" ಎಂದಳು. "ನಮ್ಮ ದೊಡ್ಡ ಕೆರೆಯ ತೂಬಿನಿಂದ ಬಯಲು ಸೀಮೆಗೆ ನೀರು ಹೋಗ್ತಿತ್ತು. ಒಂದು ವರ್ಷ ಮಳೆ ಕಮ್ಮಿ ಆಯ್ತು. ನಮ್ಮವರು ತೂಬು ಮುಚ್ಚಿಬಿಟ್ರು. ಬಯಲಿನ ಪೈರು ನಿಂತಲ್ಲೇ ಒಣಗಿತು. ಕೇಳೋಕೆ ಬಂದವರಿಗೆ, ದೇವರ ಇಚ್ಛೆ ಅಂದ್ರು. ಆ ತೂಬು ಇವತ್ತಿಗೂ ಮುಚ್ಚೇ ಇದೆ."

ಏಡಿ ಎರಡು ಕಣ್ಣನ್ನೂ ಒಳಗೆಳೆದುಕೊಂಡು, ಮರಳಿಗೆ ಹೇಳುವಂತೆ ಹೇಳಿತು: "ಆ ಹಡಗಿನವರನ್ನ ಉಳಿಸಿದ್ವಲ್ಲ, ಅವರದ್ದು ಒಂದು ಮುತ್ತಿನ ಪೆಟ್ಟಿಗೆಯೂ ದಡಕ್ಕೆ ಬಂತು. ಅದನ್ನ ಮಾತ್ರ ಕೊಡಲಿಲ್ಲ. ಮುಳುಗಿಹೋಯ್ತು ಅಂದ್ವಿ. ನಮ್ಮ ಹೆಂಗಸರ ಕಿವಿಯಲ್ಲಿ ಈಗಲೂ ಅವೇ ಮುತ್ತು."

ಹರಿವಾಣ ಠಣ್ ಎಂದಿತು. ಏಡಿ ತಾನೇ ಕೊಂಡಿಯಲ್ಲಿ ಮರಳು ಎತ್ತಿ ಅವಳ ಸೆರಗಿಗೆ ಹಾಕಿ, "ಹೇಳಿದ ಮೇಲೆ ಚಿಪ್ಪು ಸ್ವಲ್ಪ ಹಗುರ ಆಯ್ತು ನೋಡು" ಎಂದಿತು. ಮಲ್ಲಾಜಿ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಂಡಳು.

ಅಲ್ಲಿಂದ ಹರಿವಾಣ ಬಯಲು ಸೀಮೆಗೆ ಉರುಳಿತು. ಅಲ್ಲಿ ಕರಿಮಣ್ಣಿನ ಕೆಸರಲ್ಲಿ ಒಂದು ಮುದಿ ಎಮ್ಮೆ ಮಲಗಿತ್ತು. ಅದರ ಕೊಂಬುಗಳು ಎಷ್ಟು ದೊಡ್ಡವೆಂದರೆ ಒಂದರ ಮೇಲೆ ಕೊಕ್ಕರೆಗಳ ಊರು, ಇನ್ನೊಂದರ ಮೇಲೆ ಗಿಳಿಗಳ ಊರು.

"ಒಳ್ಳೇದೂ ಹೇಳಿ, ತಪ್ಪೂ ಹೇಳಿ" ಎಂದಳು ಮಲ್ಲಾಜಿ.

ಎಮ್ಮೆ ನಿಟ್ಟುಸಿರುಬಿಟ್ಟಿತು. ಆ ಉಸಿರಿಗೆ ಒಂದಿಷ್ಟು ಕೊಕ್ಕರೆಗಳು ಹಾರಿ ಮತ್ತೆ ಬಂದು ಕೂತವು. "ತಪ್ಪು ಬೇಕಾದಷ್ಟಿದೆ, ಗಂಟು ಕಟ್ಟೋಕೆ ನಿನ್ನ ಸೆರಗು ಸಾಲೋದಿಲ್ಲ. ದೊಡ್ಡದು ಹೇಳ್ತೀನಿ. ಊರ ನಡುವೆ ಬಾವಿ ತೋಡೋಕೆ ಊರಾಚೆ ಜನರನ್ನ ಕರೆದ್ವಿ. ಬಂಡೆ ಒಡೆದು, ರಕ್ತ ಸುರಿಸಿ ತೋಡಿದ್ರು. ನೀರು ಬಂದ ದಿನ ಅವರನ್ನೇ ಬಾವಿ ಹತ್ತಿರ ಬರಬೇಡಿ ಅಂದ್ವಿ. ಇವತ್ತಿಗೂ ಬಿಟ್ಟಿಲ್ಲ."

ಮಲ್ಲಾಜಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. "ಒಳ್ಳೇದು?" ಎಂದಳು.

"ಒಳ್ಳೇದು ಎಲ್ಲಿಂದ ತರಲಿ? ನಮ್ಮದು ಕೆಟ್ಟ ಸೀಮೆ. ಬರೇ ಕೆಟ್ಟ ಸೀಮೆ."

ಹರಿವಾಣ ಬೊದ್ದ್ ಎಂದಿತು. ಇದೂ ಅರ್ಧ ಮಾತೇ.

ಮಲ್ಲಾಜಿ ಕೆಸರ ದಂಡೆಯಲ್ಲಿ ಕೂತು ಎಮ್ಮೆಯ ಕುತ್ತಿಗೆ ತುರಿಸಿದಳು. ಕುತ್ತಿಗೆ ತುರಿಸಿದರೆ ಯಾವ ಎಮ್ಮೆಯೂ ಸುಮ್ಮನಿರುವುದಿಲ್ಲ, ಮಾಯದ ಎಮ್ಮೆಯಾದರೂ ಅಷ್ಟೆ. ಅದು ಗೊಣಗುತ್ತಲೇ ಹೋಯಿತು. ಬಿಸಿಲು ಜಾಸ್ತಿ ಎಂದಿತು, ಹುಲ್ಲು ಕಮ್ಮಿ ಎಂದಿತು. "ಕೈಲಾಗದವರು ನಾವು. ನೀವು ತೂಬು ಮುಚ್ಚಿದ್ರಲ್ಲ, ಆ ವರ್ಷ ಬೆಟ್ಟದಲ್ಲೂ ಬರ. ಅಲ್ಲಿಂದ ಜನ ಹಸಿದು ಬಂದ್ರು. ಹೊಟ್ಟೆ ತುಂಬ ಇಕ್ಕೋ ಯೋಗ್ಯತೆ ನಮಗೆಲ್ಲಿ? ಮನೆಯಲ್ಲಿದ್ದ ಒಂದೊಂದು ರೊಟ್ಟಿಯನ್ನ ಎರಡು ಮಾಡಿ ಅರ್ಧ ಅವರಿಗೆ ಕೊಟ್ವಿ. ಮಳೆ ಬರೋವರೆಗೂ ಬರೇ ಅರ್ಧ ರೊಟ್ಟಿ. ನೆನೆಸಿಕೊಂಡ್ರೆ ಮರ್ಯಾದೆ ಹೋಗುತ್ತೆ."

ಮಲ್ಲಾಜಿ ಗಟ್ಟಿಯಾಗಿ ನಕ್ಕಳು. "ಅಲ್ಲವ್ವಾ, ಅದೇ ಒಳ್ಳೇದು. ಉಂಡು ಮಿಕ್ಕಿದ್ದು ಯಾರು ಬೇಕಾದ್ರೂ ಕೊಡ್ತಾರೆ. ಇದ್ದ ಒಂದನ್ನ ಮುರಿದು ಕೊಟ್ಟಿದೀರಿ ನೀವು."

"ಹೌದಾ?" ಎಂದಿತು ಎಮ್ಮೆ. ಮುಖವೆತ್ತಿ ಬಯಲನ್ನೆಲ್ಲ ಒಮ್ಮೆ ಹೊಸದಾಗಿ ನೋಡಿತು. "ಅದೂ ಹೌದಲ್ಲ."

ಹರಿವಾಣ ಠಣ್ ಎಂದಿತು. ಎಮ್ಮೆ ಗೊರಸಿನಿಂದ ಒಂದು ಹೆಂಟೆ ಕರಿಮಣ್ಣು ಎತ್ತಿ ಕೊಟ್ಟಿತು. ಸೆರಗಿನಲ್ಲಿ ಎರಡನೆಯ ಗಂಟು ಬಿತ್ತು.

ಇನ್ನು ಬೆಟ್ಟದ ಸೀಮೆ. ಹರಿವಾಣ ಏದುಸಿರುಬಿಡುತ್ತ ಹತ್ತಿತು, ಮಲ್ಲಾಜಿ ಅದಕ್ಕಿಂತ ಹೆಚ್ಚು ಏದುಸಿರುಬಿಟ್ಟಳು. ಹೆಬ್ಬಂಡೆಯ ಮೇಲೆ ಅಣ್ಣತಮ್ಮಂದಿರಾದ ಎರಡು ಕರಡಿಗಳು ಬೆನ್ನಿಗೆ ಬೆನ್ನು ಹಚ್ಚಿ ಕೂತು ಬೈದಾಡುತ್ತಿದ್ದವು.

"ಒಳ್ಳೇದೂ ಹೇಳಿ, ತಪ್ಪೂ ಹೇಳಿ" ಎಂದದ್ದೇ ತಡ, ಎರಡೂ ಒಟ್ಟಿಗೆ ಬಾಯಿಬಿಟ್ಟವು.

"ಕಣಿವೆಯ ಯುದ್ಧದಲ್ಲಿ ಆಚೆ ಬೆಟ್ಟದವರೇ ಮೊದಲು ಬಾಣ ಬಿಟ್ಟಿದ್ದು. ನಮ್ಮವರು ಊರು ಕಾದ್ರು" ಎಂದಿತು ದೊಡ್ಡ ಕರಡಿ.

"ಸುಳ್ಳು. ಅವರು ಬಂದಿದ್ದು ಉಪ್ಪು ಕೊಳ್ಳೋಕೆ. ಮೊದಲು ಬಾಣ ಬಿಟ್ಟಿದ್ದು ನಮ್ಮವರು" ಎಂದಿತು ಚಿಕ್ಕ ಕರಡಿ.

ಎರಡೂ ಎದ್ದು ಕುಸ್ತಿಗೆ ಬಿದ್ದವು. ಬಂಡೆ ಅದುರಿತು. ಹರಿವಾಣ ಹೆದರಿ ಮಲ್ಲಾಜಿಯ ಹಿಂದೆ ಅಡಗಿತು. ಮಲ್ಲಾಜಿ ನಡುವೆ ನುಗ್ಗಿ ಒಂದೊಂದರ ಕಿವಿ ಒಂದೊಂದು ಕೈಯಲ್ಲಿ ಹಿಡಿದಳು. ಮನೆಯಲ್ಲಿ ಅವಳಿಗೆ ಇದು ದಿನನಿತ್ಯದ ಕೆಲಸ.

"ಒಬ್ಬರು ಹೇಳುವಾಗ ಇನ್ನೊಬ್ಬರು ಬಾಯಿ ಮುಚ್ಕೊಂಡು ಕೇಳ್ಬೇಕು. ಮೊದಲು ದೊಡ್ಡವನು."

ದೊಡ್ಡ ಕರಡಿ ಹೇಳಿತು. ಆಮೇಲೆ ಚಿಕ್ಕ ಕರಡಿ ಹೇಳಿತು. ಬಾಣದ ಮಾತಿನಲ್ಲಿ ಒಬ್ಬನದ್ದು ಮೂಡಣ, ಒಬ್ಬನದ್ದು ಪಡುವಣ. ಆದರೆ ಎರಡು ಕತೆಯಲ್ಲೂ ಚೌಡವ್ವ ಎಂಬ ಒಬ್ಬ ಮುದುಕಿ ಬಂದಳು. ಬಾಣಗಳ ನಡುವೆ ನೀರಿನ ಕೊಡ ಹೊತ್ತು ನಡೆದು, ಬಿದ್ದವರು ಯಾವ ಕಡೆಯವರೆಂದು ಕೇಳದೆ ಎಲ್ಲರ ಬಾಯಿಗೂ ನೀರು ಬಿಟ್ಟವಳು. ಅವಳ ಹೆಸರು ಬಂದಾಗ ಎರಡು ಕರಡಿಗಳ ದನಿಯೂ ಒಂದೇ ಹಾಗೆ ಮೆತ್ತಗಾಯಿತು.

"ಆಮೇಲೆ ಅವಳು ಏನಾದಳು?" ಎಂದು ಮಲ್ಲಾಜಿ ಕೇಳಿದಳು.

ಕರಡಿಗಳು ತಲೆ ತಗ್ಗಿಸಿದವು. "ಶತ್ರುವಿಗೆ ನೀರು ಕೊಟ್ಟಳು ಅಂತ ನಮ್ಮವರೇ ಊರು ಬಿಡಿಸಿದ್ರು" ಎಂದಿತು ದೊಡ್ಡದು. "ಒಂಟಿಯಾಗಿ ಹೋದಳು. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ" ಎಂದಿತು ಚಿಕ್ಕದು.

"ಒಳ್ಳೇದೂ ಸಿಕ್ತು, ತಪ್ಪೂ ಸಿಕ್ತು" ಎಂದಳು ಮಲ್ಲಾಜಿ.

"ಅಲ್ಲ, ಬಾಣ ಯಾರು ಮೊದಲು ಬಿಟ್ರು ಅಂತ ಮಕ್ಕಳಿಗೆ ಏನು ಹೇಳ್ತೀಯಾ?" ಎಂದಿತು ದೊಡ್ಡ ಕರಡಿ.

"ಇವನು ಹೀಗಂದ, ಅವನು ಹಾಗಂದ, ನನಗೆ ಗೊತ್ತಿಲ್ಲ ಅಂತ ಹೇಳ್ತೀನಿ."

"ಪಾಠ ಹೇಳೋರು ಗೊತ್ತಿಲ್ಲ ಅಂತಾರಾ?"

"ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನದೆ ಇನ್ನೇನು ಅನ್ನಲಿ?"

ಹರಿವಾಣ ಅವಳ ಹಿಂದಿನಿಂದಲೇ ಠಣ್ ಎಂದಿತು. ಎರಡು ಕರಡಿಗಳೂ ಒಂದೊಂದು ಹಿಡಿ ಕೆಮ್ಮಣ್ಣು ಕೊಟ್ಟವು. ಯಾರು ಮೊದಲು ಕೊಟ್ಟರು ಎಂದು ಅವು ಜಗಳ ತೆಗೆಯುವಷ್ಟರಲ್ಲಿ ಮಲ್ಲಾಜಿ ಬೆಟ್ಟ ಇಳಿದಿದ್ದಳು.

ರಾಜಧಾನಿಗೆ ಬಂದು ನೋಡುತ್ತಾಳೆ, ಅರಳಿಕಟ್ಟೆಯ ಸುತ್ತ ಊರೇ ನೆರೆದಿದೆ. ಒರಳುಕಲ್ಲುಗಳೂ ಸಾಲದೆ, ತೇಲುವ ಮಕ್ಕಳನ್ನು ಅಪ್ಪಂದಿರು ಗಾಳಿಪಟದ ಹಾಗೆ ಹುರಿಯಲ್ಲಿ ಹಿಡಿದು ನಿಂತಿದ್ದರು. ಇಳಿದ ಮಕ್ಕಳ ತಲೆ, ಭುಜ ಮಾತ್ರ ನೆಲದ ಮೇಲೆ ಕಾಣುತ್ತಿತ್ತು. ಇಬ್ಬಾಯಿ ಎರಡು ಬಾಯಲ್ಲೂ ಒಂದೇ ಸಮನೆ ಮಾತಾಡುತ್ತಿದ್ದ. ಅಜ್ಜಿ ಅವಳಿಗಳನ್ನು ಕಟ್ಟೆಯ ಬಳಿಗೆ ತಂದಿದ್ದಳು. ಇಬ್ಬರ ನಡುವಿನ ಹಗ್ಗದಲ್ಲಿ ಒಂದೇ ಒಂದು ಎಳೆ ಉಳಿದಿತ್ತು.

"ಅಕ್ಕಾ" ಎಂದ ನಂಜ ಮೇಲಿನಿಂದ. "ಅಕ್ಕಾ" ಎಂದಳು ಕೆಂಪಿ ಕೆಳಗಿನಿಂದ. ಆ ಎರಡು ದನಿಯಲ್ಲಿ ಜಗಳವಿರಲಿಲ್ಲ.

ಮಲ್ಲಾಜಿ ಹರಿವಾಣವನ್ನು ನೆಲದ ಮೇಲಿಟ್ಟು ಮೂರು ಗಂಟನ್ನೂ ಬಿಚ್ಚಿದಳು. ಬಾಗಿಲು ಕಿತ್ತವರ ಕತೆ ಹೇಳಿದಳು, ಮುತ್ತು ಕದ್ದವರ ಕತೆಯೂ ಅದೇ ಎಂದಳು. ಅರ್ಧ ರೊಟ್ಟಿಯ ಕತೆ ಹೇಳಿದಳು, ಬಾವಿಯ ಕತೆ ಹೇಳಿದಳು. ಚೌಡವ್ವನ ಕೊಡದ ಕತೆಯನ್ನೂ ಆ ಮುದುಕಿಯನ್ನು ಊರು ಬಿಡಿಸಿದ್ದನ್ನೂ ಹೇಳಿದಳು. ಒಂದೊಂದು ಕತೆಗೂ ಹರಿವಾಣ ಠಣ್ ಎಂದಿತು. ಒಳ್ಳೆಯದನ್ನು ಕೇಳಿದಾಗ ಇಳಿದ ಮಕ್ಕಳು ಗೇಣು ಮೇಲೆ ಬಂದರು. ತಪ್ಪನ್ನು ಕೇಳಿದಾಗ ಏರಿದ ಮಕ್ಕಳು ಗೇಣು ಕೆಳಗೆ ಬಂದರು. ಆದರೆ ಯಾರ ಪಾದವೂ ನೆಲಕ್ಕೆ ತಾಗಲಿಲ್ಲ.

"ರಾಜಧಾನಿಯ ಮಣ್ಣು ಬೇಕು" ಎಂದಳು ಅಜ್ಜಿ. "ಅದನ್ನ ದೊರೆಯೇ ಕೊಡಬೇಕು."

ಎಲ್ಲರೂ ಪಲ್ಲಕ್ಕಿಯ ಕಡೆ ನೋಡಿದರು. ದೊರೆ ಚಿಕ್ಕರಾಯನ ಕೈಯಲ್ಲಿ ರೇಷ್ಮೆಯ ಹುರಿ ಇತ್ತು, ಅದರ ತುದಿಯಲ್ಲಿ ಮುತ್ತಾಂಬೆ ತೇಲುತ್ತಿದ್ದಳು. ದೊರೆ ಬಾಯಿ ತೆರೆದ. ರಾಯಭಾರಿಯ ನಗು ನೆನಪಾಯಿತು. ಬಾಯಿ ಮುಚ್ಚಿದ.

"ಮಹಾಪ್ರಭು, ನಿಮ್ಮ ವಂಶದಲ್ಲಿ ತಪ್ಪೇ?" ಎಂದಿತು ಮಾಂತ್ರಿಕನ ಮುಂದಿನ ಬಾಯಿ, ಜೇನು ಸುರಿಸುತ್ತ.

ಆಗ ಹಗ್ಗ ಹರಿಯಿತು.

ನಂಜ ಅರಳಿಮರದ ತುದಿ ದಾಟಿ ಮೇಲಕ್ಕೆ ಹೋದ. ಕೆಂಪಿ ಗಲ್ಲದವರೆಗೆ ನೆಲದೊಳಗೆ ಹೋದಳು. ಮಲ್ಲಾಜಿ ಬೋರಲು ಬಿದ್ದು ತಂಗಿಯ ಜುಟ್ಟು ಹಿಡಿದು, ಮುಖವನ್ನು ಮುಗಿಲ ಕಡೆಗೆತ್ತಿ ತಮ್ಮನನ್ನು ಕೂಗಿದಳು. ಆ ಕೂಗು ಕೇಳಿದ ದೊರೆಗೆ ರಾಯಭಾರಿಯೂ ಮರೆತುಹೋದ, ಪೇಟವೂ ಮರೆತುಹೋಯಿತು. ಮಗಳ ಹುರಿಯನ್ನು ಸೊಂಟಕ್ಕೆ ಸುತ್ತಿಕೊಂಡು ಪಲ್ಲಕ್ಕಿಯಿಂದ ಧುಮುಕಿ, ಬರಿಗಾಲಲ್ಲಿ ಬಂದು, ಎರಡು ಕೈಯಲ್ಲೂ ಮಣ್ಣು ಬಾಚಿ ಹರಿವಾಣಕ್ಕೆ ಸುರಿದ.

"ನಮ್ಮ ದೊಡ್ಡ ಕೆರೆ ಕಟ್ಟುವಾಗ ನಮ್ಮ ತಾತ ಕಿರೀಟ ತೆಗೆದಿಟ್ಟು, ಎಲ್ಲರ ಜೊತೆ ತಲೆ ಮೇಲೆ ಮಣ್ಣು ಹೊತ್ತರು. ಅದು ಒಳ್ಳೇದು. ಆ ಕೆರೆಯ ತೂಬು ಮುಚ್ಚಿಸಿ ಬಯಲಿನವರ ಪೈರು ಒಣಗಿಸಿದ್ದೂ ಅದೇ ತಾತ. ಅದು ತಪ್ಪು. ಗೊತ್ತಿದ್ದೂ ನಾನು ಅದನ್ನ ತೆರೆಸಲಿಲ್ಲ. ಅದು ನನ್ನ ತಪ್ಪು."

ಹರಿವಾಣ ಠಣ್ ಎಂದ ಸದ್ದು ಮೂರು ಸೀಮೆಗೂ ಕೇಳಿಸಿತು. ಬಿಳಿ, ಕಪ್ಪು, ಕೆಂಪು ಮಣ್ಣುಗಳು ರಾಜಧಾನಿಯ ಮಣ್ಣಿನ ಜೊತೆ ತಾವಾಗಿ ಬೆರೆತವು. ಕೆಂಪಿ ಮೊಳಕೆ ಬರುವ ಹಾಗೆ ನೆಲದಿಂದ ಮೇಲೆದ್ದು ಬಂದಳು. ನಂಜ ತರಗೆಲೆಯಂತೆ ಸುತ್ತಿ ಸುತ್ತಿ ಇಳಿದು, ಮೊದಲು ದೊರೆಯ ಪೇಟದ ಮೇಲೆ ಕಾಲಿಟ್ಟು, ಅಲ್ಲಿಂದ ನೆಲಕ್ಕೆ ಜಿಗಿದ. ಮುತ್ತಾಂಬೆ ಅಪ್ಪನ ಹೆಗಲಿಗೆ ಇಳಿದಳು. ನೆಲದ ಮೇಲೆಲ್ಲ ಮಕ್ಕಳ ಪಾದಗಳು ಟಪಟಪ ಎಂದವು.

ಇಬ್ಬಾಯಿ ಇನ್ನೂ ಜೋರಾಗಿ ಎರಡು ಕತೆಯನ್ನೂ ಶುರುಮಾಡಿದ. ಆದರೆ ಮಕ್ಕಳಿಗೆ ಈಗ ಪಾಠ ಬಂದಿತ್ತು. ಮುಂದಿದ್ದ ನಂಜ, "ಒಳ್ಳೇದು ಹೇಳಿದ್ಯಲ್ಲ, ತಪ್ಪೂ ಹೇಳು" ಎಂದ. ಹಿಂದಿದ್ದ ಕೆಂಪಿ, "ತಪ್ಪು ಹೇಳಿದ್ಯಲ್ಲ, ಒಳ್ಳೇದೂ ಹೇಳು" ಎಂದಳು.

ಮುಂದಿನ ಬಾಯಿಗೆ ತಪ್ಪು ಹೇಳಿ ಗೊತ್ತಿಲ್ಲ, ಹಿಂದಿನ ಬಾಯಿಗೆ ಒಳ್ಳೆಯದು ಹೇಳಿ ಗೊತ್ತಿಲ್ಲ. ನಂಜನಿಗೆ ಉತ್ತರ ಹೇಳಿಸಲು ಮಾಂತ್ರಿಕ ಹಿಂದಿನ ಬಾಯಿಯನ್ನು ಮುಂದಕ್ಕೆ ತಿರುಗಿಸಿದ. ಅಷ್ಟರಲ್ಲಿ ಕೆಂಪಿ ಮತ್ತೆ ಕೇಳಿದಳು. ಇತ್ತ ತಿರುಗಿದ. ಮಕ್ಕಳೆಲ್ಲ ಕಟ್ಟೆಯ ಸುತ್ತ ನಿಂತು ಕೂಗಿದರು: "ಒಳ್ಳೇದೂ ಹೇಳು, ತಪ್ಪೂ ಹೇಳು." ಮಾಂತ್ರಿಕ ಅತ್ತ ತಿರುಗಿದ, ಇತ್ತ ತಿರುಗಿದ, ಗಿರಗಿರನೆ ತಿರುಗಿದ. ತಿರುಗುತ್ತ ತಿರುಗುತ್ತ ಸಣ್ಣವನಾಗಿ, ಕಡೆಗೆ ಒಂದು ಮರದ ಬುಗುರಿಯಾಗಿ ಕಟ್ಟೆಯಿಂದ ಕೆಳಗೆ ಬಿದ್ದ. ಬುಗುರಿ ಯಾರದೆಂದು ಅವಳಿಗಳು ಅಲ್ಲೇ ಜಗಳ ಶುರುಮಾಡಿದರು. ಮಲ್ಲಾಜಿ ಬಿಡಿಸಲು ಹೋಗಲಿಲ್ಲ. ಹರಿದ ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಕೂತು, ಆ ಜಗಳವನ್ನು ಹೊಟ್ಟೆ ತುಂಬ ಕೇಳಿದಳು.

ಅಂದು ಮಧ್ಯಾಹ್ನವೇ ದೊರೆ ಸ್ವತಃ ಹೋಗಿ ತೂಬು ತೆರೆಸಿದ. ಬಯಲಿನ ಬಾವಿಯಲ್ಲಿ ಅದನ್ನು ತೋಡಿದವರ ಮನೆಯ ಹೆಂಗಸೊಬ್ಬಳು ಮೊದಲ ಕೊಡ ಸೇದಿದಳು, ಎಲ್ಲರೂ ಅದೇ ಕೊಡದ ನೀರು ಕುಡಿದರು. ಬೆಟ್ಟದವರು ಚೌಡವ್ವನ ಹೆಸರಲ್ಲಿ ದಾರಿಯ ಬದಿಗೆ ಅರವಟ್ಟಿಗೆ ಕಟ್ಟಿ, ಆಚೆ ಬೆಟ್ಟದವರಿಗೂ ಈಚೆ ಬೆಟ್ಟದವರಿಗೂ ಮಜ್ಜಿಗೆ ಕೊಡತೊಡಗಿದರು. ಕಡಲ ಸೀಮೆಯವರು ಮುತ್ತಿನ ಪೆಟ್ಟಿಗೆಯನ್ನು ಅದರ ಊರಿಗೆ ಕಳಿಸಿದರು. ಪೆಟ್ಟಿಗೆ ಬೇಗ ಹೋಯಿತು, ಹೆಂಗಸರ ಕಿವಿಯಿಂದ ಮುತ್ತು ಇಳಿಯುವುದು ಮಾತ್ರ ಸ್ವಲ್ಪ ತಡವಾಯಿತು.

ಒಳ್ಳೆಯ ದಿನ ನೋಡಿ ಮಲ್ಲಾಜಿ ಹರಿವಾಣ ಹಿಡಿದಳು. ನಂಜ, ಕೆಂಪಿ, ಮುತ್ತಾಂಬೆ, ಊರ ಮಕ್ಕಳೆಲ್ಲ ಸಾಲಾಗಿ ಬಂದು ಆ ನಾಲ್ಕು ಮಣ್ಣಿನ ಮೇಲೆ ಬೆರಳಿಟ್ಟು ಮೊದಲ ಅಕ್ಷರ ತಿದ್ದಿದರು. ಯಾರೂ ಸೀನಲಿಲ್ಲ. ಅದೇ ರಾಯಭಾರಿ ಈ ಸಲವೂ ಬಂದಿದ್ದ. ಪಾಠ ಮುಗಿದ ಮೇಲೆ ಅವನು ನಗದೆ, ತನ್ನ ದೇಶಕ್ಕೂ ಅಂಥದ್ದೊಂದು ಹರಿವಾಣ ಮಾಡಿಸಿಕೊಡುವಿರಾ ಎಂದು ಅಜ್ಜಿಯನ್ನು ಮೆಲ್ಲಗೆ ಕೇಳಿದ.

ಹರಿದ ಹಗ್ಗವನ್ನು ಮಲ್ಲಾಜಿ ಎಸೆಯಲಿಲ್ಲ. ಎರಡು ತುದಿಯನ್ನೂ ಗಟ್ಟಿಯಾಗಿ ಗಂಟುಹಾಕಿ, ಹೊಸ ಎಳೆ ಸೇರಿಸಿ ಹೊಸೆದು, ಅರಳಿಮರದ ಕೊಂಬೆಗೆ ಜೋಕಾಲಿ ಕಟ್ಟಿದಳು. ಮುಗಿಲಾವತಿಯ ಮಕ್ಕಳು ಮುಗಿಲು ಮುಟ್ಟುವ ಹಾಗೆ ಜೀಕುತ್ತಾರೆ, ಕೇಕೆ ಹಾಕುತ್ತಾರೆ, ಆಮೇಲೆ ಕಾಲಿಂದ ನೆಲ ಒದ್ದು ನಿಲ್ಲಿಸಿ, ಮುಂದಿನವರಿ‌ಗೆ ಜಾಗ ಬಿಡುತ್ತಾರೆ. ಕತೆ ಕೇಳಿದವರಿಗೂ ಅದರಲ್ಲಿ ಒಂದು ಸರದಿ ಇದೆ.